ಮೊಳಕಾಲು ನೀರು

2022ರ ಸೆಪ್ಟೆಂಬರ್ 5, ಸೋಮವಾರ. ಬೆಳಿಗ್ಗೆ ಅಳೆದಾಗ ಬೆಂಗಳೂರಿಗೆ ಬಿದ್ದ ಮಳೆ 131.6 ಮಿಲಿಮೀಟರ್. ಬೆಳ್ಳಂದೂರು ಕೆರೆ ತುಂಬಿದರೆ ನೀರು ವರ್ತೂರು ಕೆರೆಗೆ ಹೋಗಬೇಕು, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ಆ ದಾರಿಯ ರಾಜಕಾಲುವೆಗಳನ್ನು ನಾವು ಎಲ್ಲಿ ಉಳಿಸಿದ್ದೇವೆ? ನೀರು ರಸ್ತೆಗೇ ಬಂತು. ಯಮಲೂರಿನ ಕಡೆ ಐಟಿಯವರು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದ ವಾರ ಅದು.

ನಮ್ಮತ್ತೆಯ ಮನೆ ವರ್ತೂರಿನಲ್ಲಿ, ನೆಲಮಹಡಿ. ಅವರನ್ನು ಕರೆತರಲು ನಾನೂ ಭಾಮೈದನೂ ಕಾಡುಗೋಡಿಯಿಂದ ಕಾರಿನಲ್ಲಿ ಹೊರಟೆವು. ಪಕ್ಕದ ಮನೆಯವರದೂ ನಮ್ಮಂಥದೇ ಕಾರು. ಅವರು ಮುಂದೆ, ನಾವು ಹಿಂದೆ. ವರ್ತೂರು ಹತ್ತಿರ ಮೊಳಕಾಲು ನೀರು. ಅವರ ಕಾರು ನಿಧಾನವಾಗಿ ದಾಟಿತು. ನಮ್ಮದು ನಡುವೆ ಒಮ್ಮೆ ಬಿಕ್ಕಿ ನಿಂತೇಬಿಟ್ಟಿತು.

"ಇನ್ನೊಂದ್ಸಲ ಸೆಲ್ಫ್ ಹೊಡೀರಿ ಭಾವ."

ಕೈ ಕೀಲಿಯ ಮೇಲಿತ್ತು. ಅದೇನು ಬುದ್ಧಿ ಬಂತೋ, ಮೊದಲು ಗ್ಯಾರೇಜಿನ ಮೇಸ್ತ್ರಿಗೆ ಫೋನ್ ಮಾಡಿದೆ. ಅವರು ನನ್ನ ಮಾತು ಮುಗಿಯಲು ಬಿಡಲಿಲ್ಲ. "ಸೆಲ್ಫ್ ಹೊಡೀಬೇಡಿ ಸಾರ್. ತಳ್ಳಿ ಸ್ಟಾರ್ಟ್ ಮಾಡೋಕೂ ಹೋಗ್ಬೇಡಿ. ಬ್ಯಾಟರಿ ವೈರ್ ಬಿಚ್ಚಿ, ಟೋಚನ್ ಮಾಡಿಸಿ." ಟ್ರ್ಯಾಕ್ಟರಿನವನೊಬ್ಬ ಹಗ್ಗ ಕಟ್ಟಿ ಎಳೆದುಕೊಟ್ಟ. ಅತ್ತೆಯೂ ಆಮೇಲೆ ಅದೇ ಟ್ರ್ಯಾಕ್ಟರಿನಲ್ಲಿ ಬಂದರು.

ಮೇಸ್ತ್ರಿ ಮೊದಲು ಏರ್ ಫಿಲ್ಟರ್ ಡಬ್ಬಿ ತೆರೆದರು. ಒಳಗಿನ ಕಾಗದ ನೆನೆದ ಹಪ್ಪಳದಂತೆ ಜೋತಿತ್ತು, ತಳದಲ್ಲಿ ಕೆಸರು ನೀರು. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಕ್ರ್ಯಾಂಕಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಿಂದಲೇ ಮೆಲ್ಲಗೆ ತಿರುಗಿಸಿದರು. ಮೂರನೆಯ ತೂತಿನಿಂದ ನೀರು ಉಕ್ಕಿತು. ನನ್ನ ಹೊಟ್ಟೆಯಲ್ಲಿ ತಣ್ಣಗಾಯಿತು.

ಪೆಟ್ರೋಲ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೇರುವಾಗ ಗಾಳಿಯನ್ನು ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಪಾಲು ಜಾಗಕ್ಕೆ ಅದುಮುತ್ತದೆ. ಗಾಳಿ ಅದುಮಿಸಿಕೊಳ್ಳುತ್ತದೆ. ನೀರು ಜಗ್ಗುವುದಿಲ್ಲ. ಆಗ ಬಗ್ಗುವುದು ಪಿಸ್ಟನ್ನನ್ನು ಹಿಡಿದ ಕನೆಕ್ಟಿಂಗ್ ರಾಡ್. ಪೂರ್ತಿ ಮುರಿದರೆ ಅಲ್ಲೇ ಗೊತ್ತಾಗುತ್ತದೆ. ಕೂದಲೆಳೆಯಷ್ಟು ಬಗ್ಗಿದರೆ ಎಂಜಿನ್ ಸ್ಟಾರ್ಟೂ ಆಗುತ್ತದೆ, ಓಡುತ್ತದೆ. ಮುಂದೊಂದು ದಿನ ಹೆದ್ದಾರಿಯಲ್ಲಿ, ವೇಗದಲ್ಲಿರುವಾಗ, ತುಂಡಾಗಿ ಎಂಜಿನ್ನಿನ ಗೋಡೆಯನ್ನೇ ಒಡೆದು ಹೊರಬರಬಹುದು. ಮಕ್ಕಳನ್ನು ಕೂರಿಸಿಕೊಂಡು ಓಡಿಸುವ ಕಾರು. ಅದಕ್ಕೇ ಮೇಸ್ತ್ರಿ ಅವಸರ ಮಾಡಲಿಲ್ಲ.

ತೆಳ್ಳನೆಯ ಸರಳೊಂದನ್ನು ಪ್ಲಗ್ಗಿನ ತೂತಿಗೆ ಇಳಿಸಿ, ಪಿಸ್ಟನ್ ತುತ್ತತುದಿಗೆ ಬಂದಾಗ ಸರಳಿನ ಮೇಲೆ ಗುರುತು ಹಾಕಿದರು. ಒಂದನೆಯದೂ ನಾಲ್ಕನೆಯದೂ ಜೊತೆಗೆ ಮೇಲೆ ಬರುತ್ತವೆ, ಎರಡನೆಯದೂ ಮೂರನೆಯದೂ ಜೊತೆಗೆ. ರಾಡ್ ಬಗ್ಗಿದ್ದರೆ ಆ ಪಿಸ್ಟನ್ ಗಿಡ್ಡವಾಗಿ ನಿಲ್ಲಬೇಕು. ಮೂರನೆಯದನ್ನು ಮೂರು ಸಲ ಅಳೆದರು. ನಾಲ್ಕೂ ಗುರುತು ಒಂದೇ ಕಡೆ ಬಿದ್ದವು. ನೀರೆಲ್ಲ ಹೊರಹಾಕಿ ಕಂಪ್ರೆಶನ್ ಗೇಜ್ ಇಟ್ಟರು, ಅದೂ ಸರಿಯಿತ್ತು. ಆಯಿಲ್ ಕಡ್ಡಿಯಲ್ಲಿ ಹಾಲು ಬೆರೆತಂಥ ಬಣ್ಣ ಇರಲಿಲ್ಲ, ಆದರೂ ಆಯಿಲ್ ಬದಲಿಸಿದರು.

ನಾನು ಉಸಿರು ಬಿಟ್ಟೆ. ಅವರು ಬಿಡಲಿಲ್ಲ. "ಎಷ್ಟು ನೀರಿತ್ತು ಅಂದ್ರಿ?"

"ಮೊಳಕಾಲು."

"ಈ ಕಾರು ಗಾಳಿ ಎಳೆಯೋದು ರೇಡಿಯೇಟರ್ ಮೇಲಿಂದ. ಮೊಳಕಾಲು ನೀರು ಅಲ್ಲಿಗೆ ಹೆಂಗೆ ಹೋಗುತ್ತೆ ಸಾರ್? ಮುಂದಿನ ಗಾಡಿ ದಾಟ್ತಲ್ಲ?"

ಮಳೆ ಬಂತು, ನೀರು ಹೊಕ್ಕಿತು ಎಂದು ಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅಂಗಳದಲ್ಲಿ ಇನ್ನೂ ಎಷ್ಟೋ ಕಾರು ಕಾಯುತ್ತಿದ್ದವು. ಅವರು ಟಾರ್ಚ್ ಹಿಡಿದು ನೆಲದ ಮೇಲೆ ಮಲಗಿದರು. ಗಾಳಿ ಎಳೆಯುವ ಪೈಪಿನ ಬಾಯಿ ತನ್ನ ಜಾಗ ಬಿಟ್ಟು ಬಂಪರ್ ಹಿಂದೆ ಕೆಳಮುಖವಾಗಿ ಜೋತುಬಿದ್ದಿತ್ತು. ಹಿಡಿದಿಡುವ ಕ್ಲಿಪ್ಪೇ ಇರಲಿಲ್ಲ. ಎರಡು ತಿಂಗಳ ಹಿಂದೆ ಬೇರೆ ಕಡೆ ಬಂಪರ್ ಬಿಚ್ಚಿ ತಗ್ಗು ತೆಗೆಸಿದ್ದೆ. ಮತ್ತೆ ಜೋಡಿಸಿದವರು ಕ್ಲಿಪ್ ಹಾಕಿರಲಿಲ್ಲ. ಅಷ್ಟು ದಿನ ಕಾರು ಒಂದು ಸದ್ದೂ ಮಾಡದೆ ಓಡಿತ್ತು.

ಅಂದು ರಾತ್ರಿ ಪಕ್ಕದ ಮನೆಯವರ ಕಾರಿನ ಬಾನೆಟ್ಟನ್ನೂ ತೆಗೆಸಿ ನೋಡಿದೆ. ಪೈಪು ರೇಡಿಯೇಟರ್ ಮೇಲೆ, ಎರಡು ಕ್ಲಿಪ್ಪಿನಲ್ಲಿ ಬಿಗಿಯಾಗಿ ಕೂತಿತ್ತು. ಅಲುಗಾಡಿಸಿದೆ, ಕದಲಲಿಲ್ಲ.