ದನಿ ಬಂದ ದಿಕ್ಕು

ಕಳೆದ ತಿಂಗಳ ಒಂದು ಸಂಜೆ ತರಕಾರಿ ಚೀಲ ಹಿಡಿದು ರಸ್ತೆ ದಾಟುತ್ತಿದ್ದೆ. ನಡುರಸ್ತೆಗೆ ಬಂದಾಗ ಹಾರ್ನ್ ಕೇಳಿಸಿತು. ಕೇಳಿಸಿದ್ದು ನಿಜ, ಆದರೆ ಯಾವ ಕಡೆಯಿಂದ ಎಂಬುದು ತಿಳಿಯಲಿಲ್ಲ. ಬಲಕ್ಕೆ ತಿರುಗಿ ನೋಡಿದೆ. ಸ್ಕೂಟರು ಎಡದಿಂದ ಬಂದು ಚೀಲವನ್ನು ಸವರಿಕೊಂಡು ಹೋಯಿತು. ರಸ್ತೆಯ ತುಂಬ ಟೊಮೇಟೊ.

ನಿವೃತ್ತನಾದ ಎರಡನೆಯ ವರ್ಷದಲ್ಲಿ ನನ್ನ ಎಡಗಿವಿ ಕೇಳಿಸದಂತಾಯಿತೆಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತಿದೆ. ಒಂದು ಕಿವಿ ಹೋದರೆ ಅರ್ಧದಷ್ಟು ಕೇಳಿಸುತ್ತದೆ ಎಂದು ಭಾವಿಸಿದ್ದೆ. ಹಾಗಲ್ಲ. ಒಂದೇ ಕಿವಿಯಲ್ಲಿಯೂ ಮಾತು ಬಹುಮಟ್ಟಿಗೆ ಕೇಳುತ್ತದೆ, ಕಳೆದುಹೋಗುವುದು ದಿಕ್ಕು. ನನ್ನಾಕೆ ಅಡುಗೆಮನೆಯಿಂದ ಕರೆದರೆ ನಾನು ಅಂಗಳಕ್ಕೆ ಹೋಗಿ ನಿಲ್ಲುತ್ತೇನೆ.

ಅದೇ ವಾರ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಬೆಂಗಳೂರಿನಲ್ಲಿ ಕಾರುಗಳಿಗೆ ಅಳವಡಿಸುವ ರೇಡಾರ್ ಕುರಿತು ಕೆಲಸ ಮಾಡುತ್ತಾನೆ. ಟೊಮೇಟೊ ಪ್ರಸಂಗವನ್ನು ಕೇಳಿ ನಕ್ಕು, "ನಮ್ಮದೂ ಅದೇ ಗೋಳು ಸರ್. ಎದುರಿನ ವಾಹನ ಎಷ್ಟು ದೂರದಲ್ಲಿದೆ, ಎಷ್ಟು ವೇಗದಲ್ಲಿದೆ ಎಂಬುದನ್ನು ಚೆನ್ನಾಗಿಯೇ ಅಳೆಯುತ್ತೇವೆ. ಯಾವ ದಿಕ್ಕಿನಲ್ಲಿದೆ ಎಂಬುದೇ ತಲೆನೋವು" ಎಂದ. ಭೌತಶಾಸ್ತ್ರದ ಮೇಷ್ಟ್ರಿಗೆ ಇದಕ್ಕಿಂತ ಹಬ್ಬ ಬೇಕೇ? ಕಾಫಿ ಆರುವವರೆಗೂ ಅವನನ್ನು ಬಿಡಲಿಲ್ಲ.

ಅವನು ತಿಳಿಸಿದ್ದನ್ನು ನಮ್ಮ ತರಗತಿಯ ಮಾತಿನಲ್ಲಿ ಹೇಳುತ್ತೇನೆ. ಇಂದಿನ ಕಾರುಗಳ ರೇಡಾರ್ 76ರಿಂದ 81 ಗಿಗಾಹರ್ಟ್ಸ್ ಆವೃತ್ತಿಯ ಅಲೆಗಳನ್ನು ಬಳಸುತ್ತದೆ. 77 ಗಿಗಾಹರ್ಟ್ಸ್‌ನಲ್ಲಿ ತರಂಗಾಂತರ ಸುಮಾರು 3.9 ಮಿಲಿಮೀಟರ್. ದಿಕ್ಕು ತಿಳಿಯಲು ನಮ್ಮ ಕಿವಿಗಳಂತೆಯೇ ಅದಕ್ಕೂ ಒಂದಕ್ಕಿಂತ ಹೆಚ್ಚು ಆಂಟೆನಾ ಬೇಕು. ವಸ್ತು ನೇರ ಎದುರಿಗಿದ್ದರೆ ಮರಳಿದ ಅಲೆ ಎಲ್ಲ ಆಂಟೆನಾಗಳನ್ನೂ ಒಟ್ಟಿಗೆ ಮುಟ್ಟುತ್ತದೆ. ಓರೆಯಲ್ಲಿದ್ದರೆ ಒಂದನ್ನು ಮುಟ್ಟಲು ಕೊಂಚ ಹೆಚ್ಚು ದೂರ ಕ್ರಮಿಸಬೇಕು. ಆ ಹೆಚ್ಚುವರಿ ದೂರ ಒಂದೆರಡು ಮಿಲಿಮೀಟರ್ ಮಾತ್ರ. ಬೆಳಕಿನ ವೇಗದಲ್ಲಿ ಅದಕ್ಕೆ ತಗಲುವ ಕಾಲವನ್ನು ನೇರವಾಗಿ ಅಳೆಯುವುದು ಬಹು ಕಷ್ಟ. ಆದ್ದರಿಂದ ಅಲೆಯು ಏರಿಳಿತದ ಯಾವ ಹಂತದಲ್ಲಿದೆ, ಅಂದರೆ ಅದರ ಫೇಸ್ ಏನು ಎಂಬುದನ್ನು ಹೋಲಿಸಿ ಕೋನವನ್ನು ಲೆಕ್ಕ ಹಾಕುತ್ತಾರೆ.

ಇಲ್ಲೊಂದು ಇಕ್ಕಟ್ಟಿದೆ. ಗಡಿಯಾರ ಮೂರು ಗಂಟೆ ತೋರಿಸಿದರೆ ಹಗಲಿನ ಮೂರೋ ರಾತ್ರಿಯ ಮೂರೋ ಎಂದು ಮುಳ್ಳು ನೋಡಿ ಹೇಳಲಾಗದು. ಹಾಗೆಯೇ ಆಂಟೆನಾಗಳ ನಡುವಿನ ಅಂತರ ಅರ್ಧ ತರಂಗಾಂತರವನ್ನು, ಅಂದರೆ ಸುಮಾರು ಎರಡು ಮಿಲಿಮೀಟರನ್ನು ಮೀರಿದರೆ, ಎರಡು ಬೇರೆ ದಿಕ್ಕುಗಳು ಒಂದೇ ಉತ್ತರ ಕೊಡಬಹುದು. ಆದರೆ ಅಕ್ಕಪಕ್ಕದ ವಸ್ತುಗಳನ್ನು ಬಿಡಿಸಿ ನೋಡಲು ಆಂಟೆನಾಗಳ ಸಾಲು ಅಗಲವಾಗಿರಬೇಕು. ಹತ್ತಿರವೂ ಇರಬೇಕು, ಅಗಲವೂ ಆಗಬೇಕು! ಅರ್ಧ ತರಂಗಾಂತರಕ್ಕೊಂದರಂತೆ ನಾಲ್ಕು ಆಂಟೆನಾಗಳಿದ್ದರೆ ಬಿಡಿಸಬಲ್ಲ ಕೋನ ಸುಮಾರು 29 ಡಿಗ್ರಿ. ಹನ್ನೆರಡಿದ್ದರೆ ಸುಮಾರು ಒಂಬತ್ತೂವರೆ.

ಆಂಟೆನಾ ಹೆಚ್ಚಿದಂತೆ ಖರ್ಚೂ ಹೆಚ್ಚುತ್ತದೆ. ಅದಕ್ಕೊಂದು ಜಾಣ್ಮೆ ಹೂಡಿದ್ದಾರೆ. ಮೂರು ಪ್ರೇಷಕಗಳನ್ನು ತಕ್ಕ ಅಂತರದಲ್ಲಿಟ್ಟು ಸರದಿಯಂತೆ ಅಲೆ ಕಳುಹಿಸಿದರೆ, ನಾಲ್ಕು ಗ್ರಾಹಕಗಳು ಹನ್ನೆರಡು ಗ್ರಾಹಕಗಳ ಕೆಲಸ ಮಾಡುತ್ತವೆ. ಆದರೆ ಸರದಿಯ ನಡುವೆ ವಾಹನ ಸುಮ್ಮನಿರುತ್ತದೆಯೇ? ಎದುರಿನ ವಾಹನ ನಮ್ಮತ್ತ ಗಂಟೆಗೆ 108 ಕಿಲೋಮೀಟರ್ ವೇಗದಲ್ಲಿ ಬರುತ್ತಿದೆ, ಎರಡು ಸರದಿಗಳ ನಡುವೆ 20 ಮೈಕ್ರೊಸೆಕೆಂಡು ಕಳೆಯುತ್ತದೆ ಎಂದಿಟ್ಟುಕೊಳ್ಳಿ. ಅಷ್ಟರಲ್ಲಿ ಅದು 0.6 ಮಿಲಿಮೀಟರ್ ಸರಿದಿರುತ್ತದೆ. ಹೋಗಿಬರುವ ಹಾದಿಯಲ್ಲಿ ವ್ಯತ್ಯಾಸ 1.2 ಮಿಲಿಮೀಟರ್, ಹೆಚ್ಚುಕಡಿಮೆ ತರಂಗಾಂತರದ ಮೂರನೆಯ ಒಂದು ಭಾಗ. ಅದನ್ನು ಕಳೆಯದಿದ್ದರೆ ನೇರ ಎದುರಿರುವ ವಾಹನವೂ ಪಕ್ಕದಲ್ಲಿದ್ದಂತೆ ತೋರುತ್ತದೆ. ಆದ್ದರಿಂದ ಮೊದಲು ವೇಗವನ್ನು ತಿಳಿದು, ಆ ದೋಷವನ್ನು ತೆಗೆದು, ಬಳಿಕ ದಿಕ್ಕಿನ ಲೆಕ್ಕ.

"ಇಷ್ಟಾದರೂ ಸಾಲದು ಸರ್" ಎನ್ನುತ್ತ ಅವನು ಪತ್ರಿಕೆಯ ಅಂಚಿನಲ್ಲಿ ಒಂದು ಚಿತ್ರ ಬರೆದ. ನೂರು ಮೀಟರ್ ಮುಂದೆ ರಸ್ತೆಯ ಎರಡೂ ಬದಿಗೆ ಎರಡು ಲಾರಿಗಳು ನಿಂತಿವೆ. ನಡುವೆ ಏಳು ಮೀಟರ್ ಅಂತರ, ಹಾದಿ ಖಾಲಿ. ದೂರವೂ ಒಂದೇ, ವೇಗವೂ ಒಂದೇ. ಆದುದರಿಂದ ಅವುಗಳನ್ನು ಕೋನದಿಂದಲೇ ಬಿಡಿಸಬೇಕು. ಕೋನವೋ ನಾಲ್ಕೇ ಡಿಗ್ರಿ. ಹನ್ನೆರಡರ ಸಾಲಿಗೆ ಎರಡು ಪ್ರತಿಧ್ವನಿಗಳೂ ಬೆರೆತು ಒಂದೇ ದಿಬ್ಬವಾಗಿ, ಹಲವು ಸಲ ನಟ್ಟನಡುವೆ ಕಾಣಿಸಿಕೊಳ್ಳುತ್ತವೆ. ಅಂದರೆ ಯಾರೂ ಇಲ್ಲದ ಕಡೆಗೆ ರೇಡಾರ್ ಬೆರಳು ತೋರಿಸುತ್ತದೆ! ಕಾರು ಸುಮ್ಮನೆ ಬ್ರೇಕ್ ಹಾಕಿದರೆ ಹಿಂದಿನವರ ಗತಿಯೇನು?

ಇಂತಹ ಕಡೆ ಗಣಿತ ನೆರವಿಗೆ ಬರುತ್ತದೆ. ಅಮೆರಿಕದ ರಾಲ್ಫ್ ಶ್ಮಿಟ್ ರೂಪಿಸಿ 1986ರಲ್ಲಿ ವಿಸ್ತೃತವಾಗಿ ಪ್ರಕಟವಾದ ವಿಧಾನದ ಹೆಸರು 'ಮ್ಯೂಸಿಕ್'. ಪುಣೆಯಲ್ಲಿ ಹುಟ್ಟಿ ಸ್ಟ್ಯಾನ್‌ಫರ್ಡ್‌ನಲ್ಲಿ ಪ್ರಾಧ್ಯಾಪಕರಾದ ಥಾಮಸ್ ಕೈಲಾತ್ ಅವರು ರಿಚರ್ಡ್ ರಾಯ್ ಅವರೊಡನೆ ರೂಪಿಸಿದ್ದು 'ಎಸ್ಪ್ರಿಟ್'. ಬೆರೆತ ಅಲೆಗಳನ್ನು ಸಾಮಾನ್ಯ ವಿಧಾನಕ್ಕಿಂತ ಸೂಕ್ಷ್ಮವಾಗಿ ಇವು ಬಿಡಿಸಬಲ್ಲವು. ಆದರೆ ಒಂದು ಕರಾರುಂಟು: ಎಷ್ಟು ವಸ್ತುಗಳಿವೆ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಬೇಕು. ಎರಡಿರುವಲ್ಲಿ ಒಂದೇ ಎಂದುಕೊಂಡರೆ ಎಂತಹ ಗಣಿತವೂ ತಪ್ಪು ದಿಕ್ಕನ್ನು ತೋರಿಸಬಹುದು.

ಆ ಎರಡು ಲಾರಿಗಳ ಚಿತ್ರ ನೋಡುತ್ತ ನಾನು ಮಾತು ನಿಲ್ಲಿಸಿದೆ. 1996ನೆಯ ಇಸವಿ, ಒಂಬತ್ತನೆಯ ತರಗತಿ. ಕಪ್ಪುಹಲಗೆಯ ಕಡೆ ಮುಖ ಮಾಡಿ ಚಿತ್ರ ಬರೆಯುತ್ತಿದ್ದೆ. ಮೂರನೆಯ ಬೆಂಚಿನಿಂದ ಗುಸುಗುಸು. ತಿರುಗದೆಯೇ ಒಬ್ಬನ ಹೆಸರು ಕರೆದು ಹೊರಗೆ ನಿಲ್ಲಿಸಿದೆ. ಮೇಷ್ಟ್ರಿಗೆ ಬೆನ್ನಲ್ಲೂ ಕಣ್ಣಿದೆ ಎಂದು ನೀವೆಲ್ಲ ಹೇಳುತ್ತಿದ್ದಿರಿ. ನಾನು ಅದನ್ನು ಕೇಳಿ ಹಿಗ್ಗುತ್ತಿದ್ದೆ. ಹುಡುಗ ತುಟಿ ಬಿಚ್ಚದೆ ಹೋಗಿ ನಿಂತ. ಅದಕ್ಕೂ ಮೊದಲು ಪ್ರಶ್ನೆ ಕೇಳಿದರೆ ಎಲ್ಲರಿಗಿಂತ ಮುಂಚೆ ಕೈ ಎತ್ತುತ್ತಿದ್ದವನು. ಆ ವರ್ಷವೆಲ್ಲ ಮತ್ತೆ ಕೈ ಎತ್ತಲಿಲ್ಲ.

ಎಷ್ಟೋ ವರ್ಷಗಳ ನಂತರ ಮದುವೆಯೊಂದರಲ್ಲಿ ಅದೇ ಬೆಂಚಿನ ಇನ್ನೊಬ್ಬ ಸಿಕ್ಕಿ, "ಅವತ್ತು ಮಾತಾಡಿದ್ದು ನಾವಿಬ್ಬರು ಸರ್, ಅವನ ಆ ಕಡೆ ಒಬ್ಬ, ಈ ಕಡೆ ಒಬ್ಬ" ಎಂದು ನಗುತ್ತ ಹೇಳಿದ. ಊಟದ ಗದ್ದಲದಲ್ಲಿ ನಾನೂ ನಕ್ಕುಬಿಟ್ಟೆ. ಅಂದು ನನ್ನ ಎರಡು ಕಿವಿಗಳೂ ಸರಿಯಾಗಿದ್ದವು. ಸರಿಯಿರದಿದ್ದುದು, ಮಾತಾಡಿದವನು ಒಬ್ಬನೇ ಎಂಬ ನನ್ನ ಲೆಕ್ಕ.

ರೇಡಾರಿನ ದೋಷವನ್ನು ತಿದ್ದಲು ಇಂದು ನಾಲ್ಕು ಚಿಪ್‌ಗಳನ್ನು ಜೋಡಿಸಿ, 12 ಪ್ರೇಷಕ ಹಾಗೂ 16 ಗ್ರಾಹಕಗಳಿಂದ 192 ಜೋಡಿಗಳನ್ನು ಪಡೆಯುತ್ತಾರೆ. ನನ್ನ ಶಿಷ್ಯ ಅದರ ಫಲಿತಾಂಶವನ್ನು ದಿನವೂ ರಸ್ತೆಯ ಮೇಲೆ ಪರೀಕ್ಷಿಸುತ್ತಾನೆ, ತಪ್ಪಿದ್ದರೆ ಬರೆದಿಡುತ್ತಾನೆ. ಮೂವತ್ತು ವರ್ಷ ಪಾಠ ಹೇಳಿದ ನಾನು ನನ್ನ ತಪ್ಪನ್ನು ಎಲ್ಲಿಯೂ ಬರೆದಿಡಲಿಲ್ಲ. ಇಂದು ಬರೆದಿದ್ದೇನೆ.

ಆ ನಡುವಿನ ಹುಡುಗ ಇದನ್ನು ಓದುತ್ತಾನೋ ಇಲ್ಲವೋ ತಿಳಿಯದು. ಓದಿದರೆ ಇಷ್ಟೇ ಮಾತು: ಅಂದು ಮಾತಾಡಿದವನು ನೀನಲ್ಲ, ಮಗು. ತಪ್ಪು ನನ್ನದು. ಒಮ್ಮೆ ಮನೆಗೆ ಬಾ. ಬಂದಾಗ ನನ್ನ ಬಲಗಡೆ ಕುಳಿತುಕೋ, ನೀನು ಹೇಳುವುದೆಲ್ಲ ಚೆನ್ನಾಗಿ ಕೇಳಿಸಬೇಕು.