ಒರಲೆ ಹಿಡಿದ ದಾರಂದ

ಮಂಗಳೂರಿನಿಂದ ಕಾಸರಗೋಡಿನ ಬಸ್ಸು ಹತ್ತಿ ತಲಪಾಡಿ ದಾಟಿದರೆ ಕೇರಳ. ಅಲ್ಲಿಂದ ಮಂಜೇಶ್ವರ ದೂರವಿಲ್ಲ. ಬಂಗ್ರಮಂಜೇಶ್ವರದ ಹಳೆಯ ಬಸದಿಯಲ್ಲಿ ದರ್ಶನ ಮುಗಿಸಿ ನಾವು ಹೋದದ್ದು ಸೋದರಮಾವನ ಹಂಚಿನ ಮನೆಗೆ. ಕಳೆದ ಬೇಸಗೆಯಲ್ಲಿ ಅಲ್ಲೊಂದು ಧರ್ಮಸಂಕಟ ಕಾದಿತ್ತು. ಚಾವಡಿಯ ದಾರಂದಕ್ಕೆ ಒರಲೆ ಹಿಡಿದಿತ್ತು.

ನೋಡಿದರೆ ಬಣ್ಣ ಮಿರಮಿರ ಮಿಂಚುತ್ತಿದೆ. ಆಚಾರಿ ಉಳಿಯ ಹಿಡಿಯಿಂದ ತಟ್ಟಿದ, ಒಳಗೆಲ್ಲ ಟೊಳ್ಳು. "ಮದ್ದು ಹೊಡೆಸಿಬಿಡಿ ಧನಿಗಳೇ" ಎಂದ. ಮಾವ ಉತ್ತರಿಸಲಿಲ್ಲ.

ಅದೇ ಮನೆಯ ತೊಲೆ, ಪಕ್ಕಾಸುಗಳು ಅಜ್ಜನ ಕಾಲದವು, ಇಂದಿಗೂ ಕಬ್ಬಿಣದಂತಿವೆ. ಆಗಿನವರು ಹಲಸು, ತೇಗದ ಚೇಗನ್ನೇ ಆರಿಸಿ ಹೊರಗಿನ ಬಿಳಿಯ ಭಾಗವನ್ನು ಕೆತ್ತಿ ತೆಗೆಯುತ್ತಿದ್ದರು. ಮರ ಕೊರೆಯುವ ಹುಳಕ್ಕೆ ಬೇಕಾದ ಪಿಷ್ಟ ಇರುವುದು ಅದರಲ್ಲೇ. ಕೆಲವು ಜಾತಿಯ ದಿಮ್ಮಿಗಳನ್ನು ಕೆರೆಯಲ್ಲಿ ಮುಳುಗಿಸಿಟ್ಟು, ಆಮೇಲೆ ನೆರಳಲ್ಲಿ ಒಣಗಿಸುತ್ತಿದ್ದರು. ಮೇಲೆ ಗೇರೆಣ್ಣೆ. ಗೇರುಬೀಜದ ಸಿಪ್ಪೆಯಿಂದ ತೆಗೆದ ಈ ಎಣ್ಣೆ ಮರಕ್ಕೆ ಹಿತ, ಚರ್ಮಕ್ಕೆ ಬೆಂಕಿ. ಚಿಕ್ಕಂದಿನಲ್ಲಿ ಬರಿಗೈಯಲ್ಲಿ ಮುಟ್ಟಿ ನಾನೂ ಕೈ ಸುಲಿಸಿಕೊಂಡಿದ್ದೇನೆ! ಅಡಿಗೆಮನೆಯ ಹೊಗೆ ಮಾಡನ್ನು ಒಣಗಿಸುತ್ತಿತ್ತು. ಮಾಡಿನ ಚಾಚಿದ ಅಂಚು ಮಳೆನೀರನ್ನು ಗೋಡೆಯಿಂದ ದೂರ ಬೀಳಿಸುತ್ತಿತ್ತು. ಮೂಡಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿಯ ಇಳಿಜಾರು ಮಾಡುಗಳನ್ನು ಕಂಡವರಿಗೆ ಇದು ಹೊಸತಲ್ಲ.

ಒರಲೆಗೆ ಬೇಕಾದುದು ಮಣ್ಣಿನ ನಂಟು ಮತ್ತು ತೇವ. "ಎರಡನ್ನೂ ನಾವೇ ಬಡಿಸಿದೆವು" ಎಂದರು ಮಾವ. ಹಿಂದೆ ದಾರಂದ ಕಲ್ಲಿನ ಹೊಸ್ತಿಲ ಮೇಲೆ ಕುಳಿತಿತ್ತು. ಅಂಗಳಕ್ಕೆ ಮಣ್ಣು ತುಂಬಿ ಎತ್ತರಿಸಿ ಸಿಮೆಂಟು ಹಾಕಿಸಿದಾಗ ಅದರ ಬುಡ ಹೂತುಹೋಯಿತು. ಒದ್ದೆಮರಕ್ಕೆ ಬಳಿದ ಬಣ್ಣ ತೇವವನ್ನು ಒಳಗೇ ಕಟ್ಟಿಹಾಕಿತು.

ಶ್ರಾವಕನಿಗೆ ಮನೆವಾರ್ತೆಯ ಆರಂಭೀ ಹಿಂಸೆ ಪೂರ್ತಿ ತಪ್ಪದು. ಬೇಕೆಂದೇ ಕೊಲ್ಲುವ ಸಂಕಲ್ಪೀ ಹಿಂಸೆ ಕೂಡದು. ಮದ್ದು ಹೊಡೆಸುವುದು ಇವೆರಡರಲ್ಲಿ ಯಾವುದು? ಮಾವ, ಅತ್ತೆ ರಾತ್ರಿ ಬಹಳ ಹೊತ್ತು ಚರ್ಚಿಸಿದರು. "ಅಟ್ಟದಲ್ಲಿ ಓಲೆಗರಿಯ ಶಾಸ್ತ್ರಗಳಿವೆ. ಅಲ್ಲಿಗೇರಿದರೆ ಏನು ಮಾಡುತ್ತೀರಿ?" ಎಂದರು ಅತ್ತೆ. ನನಗೂ ಅವರ ಭಯವೇ ಸರಿಯೆನಿಸಿತು. ಮಾವ ಒಪ್ಪಲಿಲ್ಲ.

ಬೆಳಿಗ್ಗೆ ಅಂಗಳದ ಸಿಮೆಂಟು ಒಡೆಸಿದರು. ಬಾಗಿಲ ಬುಡದ ಮಣ್ಣು ತೆಗೆಸಿ, ಕಲ್ಲನ್ನು ಎತ್ತರಿಸಿ, ಒಣಗಿದ ಹಲಸಿನ ಹೊಸ ದಾರಂದ ಕೂರಿಸಲು ಹೇಳಿದರು. ಶಾಸ್ತ್ರದ ಪೆಟ್ಟಿಗೆಯನ್ನು ಗೋಡೆಯಿಂದ ದೂರವಿಟ್ಟು, ವಾರಕ್ಕೊಮ್ಮೆ ಮಣ್ಣಿನ ಗೆರೆ ಎದ್ದಿದೆಯೇ ಎಂದು ನೋಡುವ ಕೆಲಸ ಅತ್ತೆಯ ಪಾಲಿಗೆ ಬಂತು. ಅರ್ಧ ಮನಸ್ಸಿನಿಂದಲೇ ಒಪ್ಪಿಕೊಂಡರು.

ಕಿತ್ತ ದಾರಂದವನ್ನು ಆಚಾರಿ ಒಲೆಗೆಂದು ಕೇಳಿದ. ಮಾವ ಕೊಡಲಿಲ್ಲ. ಇಬ್ಬರೂ ಅದನ್ನು ಹೊತ್ತು, ತೋಟದಾಚೆಯ ಗೇರುಮರದ ಬುಡದಲ್ಲಿ ಮೆಲ್ಲಗೆ ಇಳಿಸಿ ಬಂದರು.