ಬ್ರಾಡ್‌ಬಾಕ್ ಹೊಲದ ಬಸಿನೀರು

ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಿಂದ ಉತ್ತರಕ್ಕೆ ಹೊರಟ ರೈಲು ಅರ್ಧ ಗಂಟೆಯಲ್ಲಿ ಹಾರ್ಪೆಂಡೆನ್ ತಲಪುತ್ತದೆ. ಈ ಪುಟ್ಟ ಊರಿನ ಅಂಚಿನಲ್ಲಿದೆ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರ. ಅಲ್ಲಿನ ಬ್ರಾಡ್‌ಬಾಕ್ ಹೊಲ ಮೊದಲ ನೋಟಕ್ಕೆ ನಿರಾಸೆಯನ್ನೇ ಉಂಟುಮಾಡೀತು. ಜೇಡಿ ಬೆರೆತ ಮಣ್ಣು, ಕಾಲಿಗೆ ಎಡವುವ ಚಕಮಕಿ ಕಲ್ಲು, ಉದ್ದುದ್ದ ಪಟ್ಟಿಗಳಲ್ಲಿ ಗೋಧಿ, ಅಷ್ಟೆ. ಆದರೆ ಇಲ್ಲಿ ಪ್ರಯೋಗದ ಮೊದಲ ಗೋಧಿ ಬಿತ್ತಿದ್ದು 1843ರಲ್ಲಿ! ಅಂದಿನಿಂದ ಆ ಪ್ರಯೋಗ ನಿಂತಿಲ್ಲ.

ಜಮೀನಿನ ಒಡೆಯ ಜಾನ್ ಬೆನೆಟ್ ಲಾಸ್, ರಸಾಯನ ಶಾಸ್ತ್ರಜ್ಞ ಜೋಸೆಫ್ ಹೆನ್ರಿ ಗಿಲ್ಬರ್ಟ್ ಇಬ್ಬರೂ 57 ವರ್ಷ ಜೊತೆಗೂಡಿ ದುಡಿದರು. ಲಾಸ್ ಸ್ವತಃ ಸೂಪರ್ ಫಾಸ್ಫೇಟ್ ಗೊಬ್ಬರದ ವ್ಯಾಪಾರಿ. ವ್ಯಾಪಾರಿಯೇ ಪರೀಕ್ಷಕನಾದರೆ ಅನುಮಾನ ಸಹಜ. ಆದರೂ ಏನನ್ನೂ ಹಾಕದ ಒಂದು ಪಟ್ಟಿಯನ್ನು ಆತ ಹೋಲಿಕೆಗೆಂದು ಬಿಟ್ಟ. ಅದು ಇಂದಿಗೂ ಹೆಕ್ಟೇರಿಗೆ ಸುಮಾರು ಒಂದು ಟನ್ ಗೋಧಿ ಕೊಡುತ್ತದೆ. ಮತ್ತೊಂದು ಪಟ್ಟಿಗೆ ಪ್ರತಿವರ್ಷ ಹೆಕ್ಟೇರಿಗೆ 35 ಟನ್ ಕೊಟ್ಟಿಗೆ ಗೊಬ್ಬರ. ಉಳಿದವಕ್ಕೆ ಅಳತೆಯ ರಸಗೊಬ್ಬರ.

ನಿಜವಾದ ಕುತೂಹಲ ಇರುವುದು ನೆಲದಡಿಯಲ್ಲಿ. 1849ರಲ್ಲಿ ಪಟ್ಟಿಗಳ ಕೆಳಗೆ ನೀರು ಬಸಿಯಲು ಸುಟ್ಟ ಮಣ್ಣಿನ ಕೊಳವೆಗಳನ್ನು ಹೂಳಲಾಯಿತು. ಚಳಿಗಾಲದಲ್ಲಿ ಮಣ್ಣು ನೆನೆದು ತುಂಬಿದಾಗ ಅವುಗಳಲ್ಲಿ ನೀರು ಹರಿಯುತ್ತದೆ. ಅದನ್ನು ಹಿಡಿದು ಪರೀಕ್ಷಿಸಿದಾಗ ಸಿಕ್ಕಿದ್ದು ನೈಟ್ರೇಟ್, ಅಂದರೆ ಬೆಳೆಯ ಬಾಯಿಗೆ ಬೀಳದೆ ಹೋದ ಸಾರಜನಕ. ಅಮೋನಿಯಾವನ್ನು ನೈಟ್ರೇಟ್ ಮಾಡುವುದು ಜೀವಿಗಳ ಕೆಲಸವೆಂದು 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಜ್ ತೋರಿಸಿದ ಮೇಲೆ, ಇಲ್ಲಿಯೇ ರಾಬರ್ಟ್ ವಾರಿಂಗ್ಟನ್ ಅದರ ಬೆನ್ನು ಹತ್ತಿದ.

ಹೀಗೆ ಸೋರಿದ್ದೆಲ್ಲ ರೈತ ಹೆಚ್ಚಾಗಿ ಎರಚಿದ ಗೊಬ್ಬರವೇ? ಬಹುಮಂದಿ ಹಾಗೆಯೇ ನಂಬಿದ್ದರು. 1980ರ ದಶಕದಲ್ಲಿ, ತುಸು ಭಾರವಾದ ಸಾರಜನಕ-15 ಪರಮಾಣುಗಳಿಂದ ಗುರುತು ಮಾಡಿದ ಗೊಬ್ಬರವನ್ನು ವಸಂತದಲ್ಲಿ ಹಾಕಿ ನೋಡಿದರು. ಕೊಯ್ಲಿನ ನಂತರ ಮಣ್ಣಿನಲ್ಲಿದ್ದ ನೈಟ್ರೇಟ್‌ನಲ್ಲಿ ಆ ಗುರುತು ಬಲು ಕಡಿಮೆ! ಹೆಚ್ಚಿನದು ಮಣ್ಣಿನ ಹಳೆಯ ಸಾವಯವ ಅಂಶವನ್ನು ಸೂಕ್ಷ್ಮಜೀವಿಗಳು ಕೊಳೆಸಿ ಬಿಟ್ಟದ್ದು. ಆಗಸ್ಟಿನಲ್ಲಿ ಕೊಯ್ಲು ಮುಗಿದು ನೆಲ ಖಾಲಿ; ಅಕ್ಟೋಬರಿನಲ್ಲಿ ಬಿತ್ತಿದ ಪೈರಿನ ಬೇರು ಇನ್ನೂ ಎಳೆಯದು. ಆದರೆ ಬೆಚ್ಚಗಿರುವ, ತೇವವಾದ ಮಣ್ಣಿನಲ್ಲಿ ಜೀವಿಗಳು ದುಡಿಯುತ್ತಲೇ ಇರುತ್ತವೆ. ಅಡಿಗೆ ಸಿದ್ಧ, ಉಣ್ಣುವವರಿಲ್ಲ ಎನ್ನುವ ಸ್ಥಿತಿ. ಹೆಚ್ಚು ಸಾವಯವ ಅಂಶವುಳ್ಳ ಕೊಟ್ಟಿಗೆ ಗೊಬ್ಬರದ ಪಟ್ಟಿಯಲ್ಲಿ ಈ ಸೋರಿಕೆ ಇನ್ನೂ ಜಾಸ್ತಿ. ಕೊಟ್ಟಿಗೆ ಗೊಬ್ಬರವೆಂದರೆ ದೋಷವೇ ಇಲ್ಲವೆನ್ನುವವರಿಗೆ ಇದು ಕಹಿಯೆನಿಸಬಹುದು. ಮಣ್ಣಿಗೆ ಅದು ಒಳ್ಳೆಯದೇ. ಜೀವಿಗಳಿಗೆ ಮಾತ್ರ ಬೆಳೆಯ ಪಂಚಾಂಗ ಗೊತ್ತಿಲ್ಲ.

ಈಗ ಆ ಪಂಚಾಂಗವೇ ಕದಲಿದೆ. ಇಲ್ಲಿನ ಉಷ್ಣತೆಯ ದಾಖಲೆ 1878ರಿಂದಲೂ ಇದೆ. ಹಿಂದಿನ ನೂರು ವರ್ಷದ ಸರಾಸರಿಗೆ ಹೋಲಿಸಿದರೆ 1980ರ ದಶಕದ ಕೊನೆಯಿಂದೀಚೆಗೆ ವಾರ್ಷಿಕ ಉಷ್ಣತೆ ಒಂದು ಡಿಗ್ರಿಗೂ ಮೇಲೆ ಏರಿದೆ. ನೈಟ್ರೇಟ್ ತಯಾರಿ 5 ಡಿಗ್ರಿಗಿಂತ ಕೆಳಗೆ ಬಹಳ ನಿಧಾನ. ಶರತ್ಕಾಲ ಬೆಚ್ಚಗಾದಷ್ಟೂ ಜೀವಿಗಳ ದುಡಿಮೆಯ ದಿನಗಳು ಹೆಚ್ಚುತ್ತವೆ. ಪೈರೂ ಬೇಗ ಬೆಳೆದು ಒಂದಿಷ್ಟು ಹೀರೀತು, ನಿಜ. ಆದರೆ ಮೇಲೆ ಜಡಿಮಳೆ ಬಿದ್ದರೆ ನೈಟ್ರೇಟ್ ಬೇರಿಗೆ ಸಿಗದ ಆಳಕ್ಕೆ ಇಳಿಯುತ್ತದೆ. ನೀರು ನಿಂತು ಗಾಳಿಯಾಡದಿದ್ದರೆ ಬೇರೆ ಬಗೆಯ ಬ್ಯಾಕ್ಟೀರಿಯಾಗಳು ನೈಟ್ರೇಟ್‌ನಲ್ಲಿನ ಆಮ್ಲಜನಕವನ್ನೇ ಕಸಿದು ಉಸಿರಾಡುತ್ತವೆ. ಆಗ ಸಾರಜನಕದ ಜೊತೆಗೆ ನೈಟ್ರಸ್ ಆಕ್ಸೈಡ್ ಹೊರಡುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದರ ಬಿಸಿಯೇರಿಸುವ ಶಕ್ತಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿನ ಸುಮಾರು 273 ಪಟ್ಟು. ಬಿಸಿಯಾದ ಹೊಲ ಆಕಾಶವನ್ನು ಮತ್ತಷ್ಟು ಬಿಸಿ ಮಾಡುವ ಬಗೆ ಇದು.

ವಾರಿಂಗ್ಟನ್ ಬೆನ್ನು ಹತ್ತಿದ ಇದೇ ಜೀವಿಗಳ ಕೈ ಕಟ್ಟಲೆಂದೇ ಭಾರತದಲ್ಲಿ ಯೂರಿಯಾಕ್ಕೆ ಬೇವಿನೆಣ್ಣೆ ಸವರುವುದು. 2015ರಲ್ಲಿ ಅದು ದೇಶದ ಕಾರ್ಖಾನೆಗಳಿಗೆ ಕಡ್ಡಾಯವಾಯಿತು. ಹಾಕಿದ ಗೊಬ್ಬರಕ್ಕೆ ಇದು ಸರಿ. ಮಣ್ಣೊಳಗಿನ ಹಳೆಯ ದಾಸ್ತಾನಿಗೆ? ಕೊಯ್ಲಾದೊಡನೆ ಸಾಸಿವೆಯಂಥ ಹಿಡುವಳಿ ಬೆಳೆ ಬಿತ್ತಿ ನೈಟ್ರೇಟನ್ನು ಹಿಡಿದಿಡುವುದೊಂದು ದಾರಿ. ಕೊಯ್ಲಿಗೂ ಬಿತ್ತನೆಗೂ ನಡುವೆ ಎರಡೇ ತಿಂಗಳಿರುವ ಗೋಧಿ ಹೊಲದಲ್ಲಿ ಅದಕ್ಕೆ ಪುರಸತ್ತು ಎಲ್ಲಿ?

ರೋಥಮ್‌ಸ್ಟೆಡ್ಡಿನ ಉಗ್ರಾಣದಲ್ಲಿ 1843ರಿಂದ ಕೂಡಿಟ್ಟ ಮಣ್ಣು, ಕಾಳು, ಹುಲ್ಲಿನ ಮೂರು ಲಕ್ಷ ಮಾದರಿಗಳಿವೆ. ಹೊರಗೆ ಚಳಿಗಾಲದ ಮಳೆ ಹಿಡಿಯಿತೆಂದರೆ ಹೊಲದಡಿಯ ಕೊಳವೆಗಳು ಮತ್ತೆ ಹರಿಯತೊಡಗುತ್ತವೆ.